‘ಹಳೇ ಕಾಲದವರು’ ಅಂದರೆ ಯಾವ ಕಾಲದವರು?

ಪ್ರಶ್ನೆ: ನನಗೆ ಐವತ್ತೇಳು ವರ್ಷ. ದೇವರ ಭಯದಲ್ಲಿ ಬೆಳೆದವಳು. ಮನೆಯಲ್ಲಿ ದಿನಾ ಸಂಜೆ ಪ್ರಾರ್ಥನೆ ಇತ್ತು. ಭಾನುವಾರ ಆರಾಧನೆ ಬಿಟ್ಟರೆ ಬೇರೆ ಕೆಲಸವಿಲ್ಲ. ಕುಡಿತವಿಲ್ಲ, ಸುಳ್ಳಿಲ್ಲ. ಮಕ್ಕಳನ್ನೂ ಹಾಗೇ ಬೆಳೆಸಿದೆ. ಈಗ ಮಗ ಮದುವೆಯಾಗದೆ ಒಬ್ಬ ಹುಡುಗಿಯ ಜೊತೆ ಒಂದೇ ಮನೆಯಲ್ಲಿದ್ದಾನೆ. ಮಗಳು ಭಾನುವಾರವೂ ಡ್ಯೂಟಿಗೆ ಹೋಗುತ್ತಾಳೆ. ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಡ್ರಮ್ಸ್ ಬಂದಿದೆ. ಆಫೀಸಿನ ಪಾರ್ಟಿಯಲ್ಲಿ ಕುಡಿಯದಿದ್ದರೆ ನಗುತ್ತಾರೆ. ಬಾಸ್ ಹೇಳಿಕೊಟ್ಟ ಸಣ್ಣಪುಟ್ಟ ಸುಳ್ಳು ಹೇಳದಿದ್ದರೆ ಮುಖ ಗಂಟು ಹಾಕುತ್ತಾರೆ. ‘ಅಮ್ಮಾ, ನೀವು ಹಳೇ ಕಾಲದವರು’ ಎಂದು ಮಕ್ಕಳು ಹೇಳುತ್ತಾರೆ. ಮಗ ಊಟಕ್ಕೆ ಕರೆದಿದ್ದಾನೆ. ಹೋದರೆ ಒಪ್ಪಿದಂತಾಗುತ್ತದೆ, ಹೋಗದಿದ್ದರೆ ಮಗ ದೂರವಾಗುತ್ತಾನೆ. ನಾನು ಪಟ್ಟು ಹಿಡಿಯಬೇಕಾ, ಬಿಟ್ಟುಕೊಡಬೇಕಾ?

ಉತ್ತರ:

ಊಟಕ್ಕೆ ಹೋಗಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ, ಇದಕ್ಕೆ ಮಾತ್ರ ತಡ ಮಾಡಬೇಡಿ.

‘ಹೋದರೆ ಒಪ್ಪಿದಂತಾಗುತ್ತದೆ’ ಎಂಬ ಭಯ ಹೊಸದಲ್ಲ. ಜನ ಪಾಪಿಗಳೆಂದು ದೂರ ಇಟ್ಟಿದ್ದ ಸುಂಕದವರ ಜೊತೆ ಯೇಸು ಊಟಕ್ಕೆ ಕೂತಾಗ, ಧರ್ಮದ ನಿಯಮದಲ್ಲಿ ಕಟ್ಟುನಿಟ್ಟಾಗಿದ್ದ ಫರಿಸಾಯರು ಗೊಣಗಿದ್ದೂ ಇದನ್ನೇ. ಇವನು ಪಾಪಿಗಳನ್ನು ಸೇರಿಸಿಕೊಂಡು ಅವರ ಜೊತೆ ಊಟ ಮಾಡುತ್ತಾನಲ್ಲ ಎಂದರು. ಜನ ತಪ್ಪು ತಿಳಿಯುತ್ತಾರೆ ಎಂದು ಆತನಿಗೂ ಗೊತ್ತಿತ್ತು. ಆದರೂ ಎದ್ದು ಹೋಗಲಿಲ್ಲ. ಅದೂ ಅಲ್ಲದೆ, ನಿಮ್ಮ ನಿಲುವು ಏನು ಎಂದು ನಿಮ್ಮ ಮಗನಿಗೆ ಗೊತ್ತಿಲ್ಲವಾ? ಅವನನ್ನು ಬೆಳೆಸಿದವರೇ ನೀವು. ಊಟಕ್ಕೆ ಹೋಗದೆ ಅದನ್ನು ಇನ್ನೊಮ್ಮೆ ಸಾರಬೇಕಾಗಿಲ್ಲ.

ನಿಮ್ಮ ಸಭೆಯಲ್ಲಿ ಯಾರಾದರೂ ಬೈಬಲ್‌ನಲ್ಲಿರುವ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯ ತೆಗೆದು ತೋರಿಸಬಹುದು. ಸಹೋದರ ಅನಿಸಿಕೊಂಡವನು ಜಾರನಾಗಿದ್ದರೆ ಅವನ ಜೊತೆ ಊಟ ಕೂಡ ಮಾಡಬೇಡಿ ಎಂದು ಅಪೊಸ್ತಲ ಪೌಲ ಅಲ್ಲಿ ಬರೆದಿರುವುದು ನಿಜ. ಆದರೆ ಪೂರ್ತಿ ಓದಿ. ಅಲ್ಲಿನ ವಿಷಯ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದ ಒಬ್ಬನದು. ಸಭೆ ಅದಕ್ಕೆ ದುಃಖಪಡುವುದು ಬಿಟ್ಟು ಉಬ್ಬಿಹೋಗಿತ್ತು. ಪೌಲ ಹೇಳುತ್ತಿರುವುದು ಸಭೆ ತೆಗೆದುಕೊಳ್ಳಬೇಕಾದ ಕ್ರಮದ ಬಗ್ಗೆ. ತಾಯಿ ಮಗನ ಮನೆಗೆ ಹೋಗಬೇಕೋ ಬೇಡವೋ ಎಂಬುದರ ಬಗ್ಗೆ ಅಲ್ಲ. ಅದೇ ವಾಕ್ಯದಲ್ಲಿ ಲೋಭಿಯ ಹೆಸರೂ ಇದೆ, ಬೈಯುವವನ ಹೆಸರೂ ಇದೆ, ಕುಡುಕನ ಹೆಸರೂ ಇದೆ. ಲೋಭಿಗಳ ಮನೆಗೆ ಊಟಕ್ಕೆ ಹೋಗುವುದಿಲ್ಲ ಎಂದು ಹಠ ಹಿಡಿದ ವಿಶ್ವಾಸಿಯನ್ನು ನಾನಂತೂ ನೋಡಿಲ್ಲ. ಮುಂದಿನ ವಾಕ್ಯ ಇನ್ನೂ ಮುಖ್ಯ. ಹೊರಗಿನವರಿಗೆ ತೀರ್ಪು ಕೊಡುವುದು ನನ್ನ ಕೆಲಸವಾ ಎಂದು ಪೌಲ ಕೇಳುತ್ತಾನೆ. ನಿಮ್ಮ ಮಗ ಈಗ ನಂಬಿಕೆಯಿಂದಲೇ ದೂರ ಇದ್ದರೆ, ಅವನಿಗೆ ಸೇರುವುದು ಈ ಮಾತು.

ಹೋದಾಗ ಆ ಹುಡುಗಿಯ ಜೊತೆ ಮಾತಾಡಿ. ಅವಳ ಕೆಲಸ ಏನು, ಅಪ್ಪ ಅಮ್ಮ ಹೇಗಿದ್ದಾರೆ ಎಂದು ಕೇಳಿ. ಊಟಕ್ಕೆ ಮೊದಲು ಪ್ರಾರ್ಥನೆ ಮಾಡುವುದು ನಿಮ್ಮ ರೂಢಿ ಅಲ್ವಾ, ಅದನ್ನು ಬಿಡಬೇಡಿ. ದಿನಾ ಮಾಡುವಷ್ಟೇ ಚಿಕ್ಕದಾಗಿ ಮಾಡಿ. ಕಣ್ಣು ಮುಚ್ಚಿಕೊಂಡು ದೇವರ ಹೆಸರಿನಲ್ಲಿ ಪಕ್ಕದಲ್ಲಿ ಕೂತವರಿಗೆ ಬುದ್ಧಿ ಹೇಳುವ ಪ್ರಾರ್ಥನೆ ಒಂದಿದೆ. ನಮ್ಮಲ್ಲಿ ತುಂಬ ಜನಕ್ಕೆ ಅದು ಚೆನ್ನಾಗಿ ಬರುತ್ತದೆ. ಆ ದಿನ ಅದು ಬೇಡ.

ಈಗ ನಿಮ್ಮ ಪಟ್ಟಿಗೆ ಬರೋಣ. ಮದುವೆ, ಭಾನುವಾರ, ಡ್ರಮ್ಸ್, ಕುಡಿತ, ಸುಳ್ಳು. ಐದನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದೀರಿ. ಎಲ್ಲವೂ ಹಳೆಯ ಕ್ರೈಸ್ತ ಮೌಲ್ಯ, ಎಲ್ಲವೂ ಒಟ್ಟಿಗೇ ಕೈ ಜಾರುತ್ತಿದೆ ಎಂಬಂತೆ. ನಾನು ಚರ್ಚ್ ಇತಿಹಾಸ ಕಲಿಸುವವನು. ಹಾಗಾಗಿ ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಎಷ್ಟು ಹಳೆಯದು? ‘ಹಳೇ ಕಾಲ’ ಎಂದು ನಾವು ಹೇಳುವುದು ಸಾಮಾನ್ಯವಾಗಿ ನಮ್ಮ ಅಜ್ಜ ಅಜ್ಜಿಯ ಕಾಲ. ಸಭೆಗೆ ಎರಡು ಸಾವಿರ ವರ್ಷ ಆಗಿದೆ.

ಕ್ರೈಸ್ತರು ಹೇಗೆ ಬದುಕುತ್ತಿದ್ದರು ಎಂದು ಹೊರಗಿನವನೊಬ್ಬ ಬರೆದ ತುಂಬ ಹಳೆಯ ವಿವರಣೆ ನಮಗೆ ಸಿಕ್ಕಿದೆ. ಬರೆದವನು ಪ್ಲಿನಿ. ಈಗಿನ ಟರ್ಕಿಯ ಉತ್ತರ ಭಾಗದಲ್ಲಿದ್ದ ರೋಮನ್ ಪ್ರಾಂತ್ಯವೊಂದರ ಅಧಿಕಾರಿ. ಸುಮಾರು 112ರಲ್ಲಿ ಟ್ರಾಜನ್ ಚಕ್ರವರ್ತಿಗೆ ಪತ್ರ ಬರೆದು, ಈ ಕ್ರೈಸ್ತರನ್ನು ಏನು ಮಾಡಲಿ ಎಂದು ಕೇಳಿದ. ವಿಚಾರಣೆಯಲ್ಲಿ ಅವನಿಗೆ ಗೊತ್ತಾದದ್ದು ಇಷ್ಟು. ಅವರು ಒಂದು ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಸೇರುತ್ತಾರೆ. ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ. ಕಳ್ಳತನ, ದರೋಡೆ, ವ್ಯಭಿಚಾರ ಮಾಡುವುದಿಲ್ಲ, ಮಾತಿಗೆ ತಪ್ಪುವುದಿಲ್ಲ, ಇಟ್ಟುಕೊಳ್ಳಲು ಕೊಟ್ಟದ್ದನ್ನು ವಾಪಸ್ ಕೇಳಿದಾಗ ಇಲ್ಲ ಅನ್ನುವುದಿಲ್ಲ ಎಂದು ಆಣೆ ಮಾಡುತ್ತಾರೆ. ಆಮೇಲೆ ಮತ್ತೆ ಸೇರಿ ಊಟ ಮಾಡುತ್ತಾರೆ. ಅಷ್ಟೇ. ಇದನ್ನು ಖಚಿತಪಡಿಸಿಕೊಳ್ಳಲು ಅವನು ಸಭೆಯ ಸೇವಕಿಯರಾಗಿದ್ದ ಇಬ್ಬರು ಗುಲಾಮ ಹೆಂಗಸರಿಗೆ ಚಿತ್ರಹಿಂಸೆ ಕೊಟ್ಟ.

ಪ್ಲಿನಿಯ ಪತ್ರದ ಪಟ್ಟಿಯನ್ನು ನಿಮ್ಮ ಪಟ್ಟಿಯ ಪಕ್ಕ ಇಟ್ಟು ನೋಡಿ. ಎರಡು ವಿಷಯ ಕೂಡುತ್ತವೆ. ದಾಂಪತ್ಯದ ನಿಷ್ಠೆ ಒಂದು, ಮಾತಿನ ಪ್ರಾಮಾಣಿಕತೆ ಇನ್ನೊಂದು. ಉಳಿದ ಮೂರು ಅಲ್ಲಿಲ್ಲ.

ಭಾನುವಾರ ನೋಡಿ. ಅವರು ಬೆಳಕು ಹರಿಯುವ ಮೊದಲೇ ಯಾಕೆ ಸೇರುತ್ತಿದ್ದರು? ಅದು ಮಾಮೂಲಿ ಕೆಲಸದ ದಿನ. ಸಭೆಯಲ್ಲಿ ಗುಲಾಮರು, ಕೂಲಿಯವರು ಇದ್ದರು. ಸೂರ್ಯ ಹುಟ್ಟಿದ ಮೇಲೆ ಅವರ ಸಮಯ ಅವರದಲ್ಲ. ಭಾನುವಾರ ರಜೆ ಎಂದು ಕಾನೂನು ಬಂದದ್ದು 321ರಲ್ಲಿ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲಿ. ಆಗಲೂ ರೈತರಿಗೆ ವಿನಾಯಿತಿ ಇತ್ತು. ಅಂದರೆ ಮೊದಲ ಮುನ್ನೂರು ವರ್ಷ ವಿಶ್ವಾಸಿಗಳಿಗೆ ಭಾನುವಾರದ ರಜೆಯೇ ಇರಲಿಲ್ಲ. ಆರಾಧನೆ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಡ್ಯೂಟಿಗೆ ಹೋಗುವ ನಿಮ್ಮ ಮಗಳು, ಈ ಲೆಕ್ಕದಲ್ಲಿ, ನಿಮಗಿಂತ ಹಳೇ ಕಾಲದವಳು.

ಹಾಗಂತ ವಿಶ್ರಾಂತಿ ದಿನ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಹತ್ತು ಆಜ್ಞೆಗಳಲ್ಲಿ ಒಂದು. ಆದರೆ ಆಜ್ಞೆ ಏನು ಹೇಳುತ್ತದೆ ನೋಡಿ. ನೀನು ಮಾತ್ರ ಅಲ್ಲ, ನಿನ್ನ ಆಳು, ದಾಸಿ, ಎತ್ತು, ಕತ್ತೆ, ನಿನ್ನ ಊರಲ್ಲಿರುವ ಪರದೇಶಿ, ಎಲ್ಲರೂ ವಿಶ್ರಮಿಸಲಿ. ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ಮರೆಯಬೇಡ. ಧರ್ಮೋಪದೇಶಕಾಂಡದಲ್ಲಿ ಕೊಟ್ಟಿರುವ ಕಾರಣ ಇದು. ಸಬ್ಬತ್ ಹುಟ್ಟಿದ್ದೇ ಬೇರೆಯವರ ದಣಿವನ್ನು ನೆನೆದು. ನಾವು ಮಾತ್ರ ಆರಾಧನೆ ಮುಗಿಸಿ, ನಮಗಾಗಿ ಆ ದಿನವೂ ದುಡಿಯುವ ಡ್ರೈವರ್, ಸೆಕ್ಯುರಿಟಿ, ಡೆಲಿವರಿ ಹುಡುಗನ ಕಡೆ ತಿರುಗಿಯೂ ನೋಡದೆ, ಮಗಳ ಡ್ಯೂಟಿ ಬಗ್ಗೆ ಬೇಸರ ಮಾಡಿಕೊಳ್ಳುತ್ತೇವೆ. ಮಗಳನ್ನು ‘ಭಾನುವಾರ ಯಾಕೆ ಬರಲಿಲ್ಲ’ ಎಂದು ಕೇಳುವ ಬದಲು ‘ನಿನಗೆ ವಾರದಲ್ಲಿ ಯಾವತ್ತಾದರೂ ಪೂರ್ತಿ ಬಿಡುವು ಸಿಗುತ್ತಾ’ ಎಂದು ಕೇಳಿ. ಸಿಗದಿದ್ದರೆ ಅದು ನಿಜವಾಗಿಯೂ ಚಿಂತೆ ಮಾಡಬೇಕಾದ ವಿಷಯ. ಸಿಕ್ಕರೆ, ಆ ದಿನ ಸಂಜೆ ಅವಳ ಜೊತೆ ಕೂತು ಪ್ರಾರ್ಥನೆ ಮಾಡಬಹುದು.

ಕುಡಿತ. ಕುಡಿದು ಮತ್ತನಾಗುವುದು ತಪ್ಪು ಎಂಬುದು ಬೈಬಲ್‌ನಷ್ಟೇ ಹಳೆಯ ಮಾತು. ಆದರೆ ಒಂದು ಹನಿಯೂ ಮುಟ್ಟಬಾರದು ಎಂಬ ನಿಯಮ ಸಭೆಗಳಲ್ಲಿ ಜೋರಾಗಿ ಹಬ್ಬಿದ್ದು 1830ರ ದಶಕದಿಂದ ಈಚೆಗೆ, ಬ್ರಿಟನ್ ಮತ್ತು ಅಮೆರಿಕದ ಪಾನನಿರೋಧ ಚಳವಳಿಯಿಂದ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ್ದು ನಿಮಗೆ ಗೊತ್ತು. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲ ತಿಮೊಥೆಗೆ ಬರೆದದ್ದೂ ಗೊತ್ತು. ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಹುಳಿಯದ ದ್ರಾಕ್ಷಿ ರಸ ಬಳಸುವ ರೂಢಿ ಕೂಡ ಹೊಸದು. 1869ರಲ್ಲಿ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯ ರಸವನ್ನು ಬಿಸಿ ಮಾಡಿ ಹುಳಿಯದಂತೆ ಇಡುವುದನ್ನು ಮಾಡಿ ತೋರಿಸಿದ ಮೇಲೆ ಅದು ಸುಲಭವಾಯಿತು.

ಆದರೆ ಆ ಚಳವಳಿಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದು ಹುಟ್ಟಿದ್ದು ಸುಮ್ನೆ ಅಲ್ಲ. ಗಂಡ ಕೂಲಿಯನ್ನೆಲ್ಲ ಕುಡಿದು ಮನೆಗೆ ಬಂದರೆ ಹಸಿದುಕೊಂಡಿದ್ದವರು, ಹೊಡೆತ ತಿಂದವರು ಹೆಂಡತಿ ಮಕ್ಕಳು. ಅದಕ್ಕೇ ಆ ಹೋರಾಟದ ಮುಂದಿನ ಸಾಲಿನಲ್ಲಿ ಹೆಂಗಸರು ತುಂಬ ಜನ ಇದ್ದರು. ನಿಮ್ಮ ಮನೆಯ ‘ಕುಡಿತವಿಲ್ಲ’ ಎಂಬ ನಿಯಮದ ಹಿಂದೆ ಬಹುಶಃ ಇಂಥದ್ದೇ ಯಾವುದೋ ಅಜ್ಜಿಯ ಕಣ್ಣೀರಿದೆ. ಅದನ್ನು ಉಳಿಸಿಕೊಳ್ಳಿ. ಹಳೆಯದು ಎಂದಲ್ಲ, ಯಾರನ್ನೋ ಕಾಪಾಡುತ್ತದೆ ಎಂದು. ಪಾರ್ಟಿಗೆ ಹೋಗಿ, ಜ್ಯೂಸ್ ಹಿಡಿದುಕೊಳ್ಳಿ, ಯಾಕೆ ಎಂದು ಕೇಳಿದರೆ ‘ನಾನು ಕುಡಿಯುವುದಿಲ್ಲ’ ಎಂದು ಮಾತ್ರ ಹೇಳಿ. ಅದರ ಮೇಲೆ ಭಾಷಣ ಬೇಡ. ನಗುವವರು ನಾಲ್ಕು ದಿನ ನಕ್ಕು ಸುಮ್ಮನಾಗುತ್ತಾರೆ. ಕುಡಿತ ಬಿಡಲು ಒದ್ದಾಡುತ್ತಿರುವವನು ಆ ಗುಂಪಿನಲ್ಲಿ ಒಬ್ಬ ಇದ್ದರೆ, ನಿಮ್ಮ ಪಕ್ಕ ಬಂದು ನಿಲ್ಲುವುದು ಅವನಿಗೆ ಸುಲಭವಾಗುತ್ತದೆ.

ಡ್ರಮ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಕಾಲದ ಜಿನೀವಾದಲ್ಲಿ ಆರ್ಗನ್ ಕೂಡ ನಿಷಿದ್ಧ, ಹಾಡಿದ್ದು ಹೆಚ್ಚಾಗಿ ಬೈಬಲ್‌ನ ಕೀರ್ತನೆಗಳನ್ನೇ. 1707ರಲ್ಲಿ ಇಂಗ್ಲೆಂಡಿನ ಐಸಾಕ್ ವಾಟ್ಸ್ ಸ್ವಂತವಾಗಿ ಬರೆದ ಹಾಡುಗಳನ್ನು ಅಚ್ಚು ಹಾಕಿಸಿದಾಗ, ದೇವರ ವಾಕ್ಯ ಬಿಟ್ಟು ಮನುಷ್ಯನ ಮಾತು ಹಾಡುವುದಾ ಎಂದು ಎಷ್ಟೋ ಸಭೆಗಳು ಬಾಗಿಲು ಹಾಕಿಕೊಂಡವು. ಈಗ ನಾವು ‘ಹಳೆಯ ಒಳ್ಳೆಯ ಹಾಡು’ ಅನ್ನುವುದು ಅವನ್ನೇ. ಕ್ರಿಸ್ಮಸ್ ಕಥೆ ಇನ್ನೂ ತಮಾಷೆ. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ತುಂಬ ಕಟ್ಟುನಿಟ್ಟಿನ ಕ್ರೈಸ್ತರಾದ ಪ್ಯೂರಿಟನ್ನರು 1659ರಲ್ಲಿ ಕ್ರಿಸ್ಮಸ್ ಆಚರಿಸಿದರೆ ಐದು ಶಿಲ್ಲಿಂಗ್ ದಂಡ ಹಾಕಿದರು. ಬೈಬಲ್‌ನಲ್ಲಿ ಹೇಳದ ಹಬ್ಬ ಎಂಬುದು ಅವರ ತಕರಾರು. 1681ರವರೆಗೆ ಆ ಕಾನೂನು ಇತ್ತು. ಡ್ರಮ್ಸ್ ಸದ್ದು ಕಿವಿಗೆ ಕಷ್ಟವಾದರೆ ಸ್ವಲ್ಪ ಕಡಿಮೆ ಮಾಡಿ ಎಂದು ಕೇಳಿ. ನಂಬಿಕೆಯ ಪ್ರಶ್ನೆ ಮಾಡಬೇಡಿ.

ಮದುವೆಯ ವಿಷಯ ಹಾಗಲ್ಲ. ಇದು ನಿಜವಾಗಿ ಹಳೆಯದು, ನಿಜವಾಗಿ ಕ್ರೈಸ್ತರದು. ಇಲ್ಲಿ ನಿಮ್ಮನ್ನು ಸಮಾಧಾನಪಡಿಸಲು ‘ಕಾಲ ಬದಲಾಗಿದೆ ಬಿಡಿ’ ಎಂದು ನಾನು ಹೇಳಲಾರೆ.

ಆದರೆ ಆ ಹಳೆಯ ಮೌಲ್ಯ ಏನಾಗಿತ್ತು ಎಂದು ಸರಿಯಾಗಿ ತಿಳಿದುಕೊಳ್ಳಬೇಕು. ರೋಮನ್ ಸಮಾಜದಲ್ಲಿ ಪಾತಿವ್ರತ್ಯ ಇದ್ದದ್ದು ಹೆಂಗಸರಿಗೆ. ಮದುವೆಯಾದ ಗಂಡಸು ಮನೆಯ ಗುಲಾಮಳ ಜೊತೆ, ವೇಶ್ಯೆಯ ಜೊತೆ ಇದ್ದರೆ ಕಾನೂನು ಅದನ್ನು ವ್ಯಭಿಚಾರ ಅನ್ನುತ್ತಲೇ ಇರಲಿಲ್ಲ. ಅಂಥ ಊರುಗಳಲ್ಲಿ ಒಂದಾದ ಕೊರಿಂಥದವರಿಗೆ ಪೌಲ ಬರೆದ: ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಇರುವ ಹಾಗೆ ಗಂಡನ ದೇಹದ ಮೇಲೆ ಹೆಂಡತಿಗೂ ಇದೆ. ಮೊದಲರ್ಧ ಎಲ್ಲರಿಗೂ ಗೊತ್ತಿದ್ದದ್ದೇ. ಎರಡನೇ ಅರ್ಧ ಕೇಳಿ ಗಂಡಸರು ಬೆಚ್ಚಿರಬೇಕು. ಗುಲಾಮ ಹುಡುಗಿಯರಿಗೆ, ಸುಲಭವಾಗಿ ಕೈಬಿಟ್ಟು ಹೋಗಬಹುದಾದ ಹೆಂಡತಿಯರಿಗೆ ಅದು ಮಹಾ ಸುದ್ದಿಯಾಗಿತ್ತು. ಈ ನೀತಿ ಗಂಡಸಿನ ಕೈ ಕಟ್ಟಿತು. ಆಮೇಲಿನ ಶತಮಾನಗಳಲ್ಲಿ ಕ್ರೈಸ್ತ ಮನೆಗಳೇ ಮಗಳನ್ನು ಕಾಯ್ದು ಮಗನನ್ನು ಬಿಟ್ಟವು ಎಂಬುದು ಬೇರೆ ಮಾತು. ನೀವು ಮಗನ ಬಗ್ಗೆ ನೊಂದು ಬರೆದಿದ್ದೀರಿ. ಅದಕ್ಕೇ ನಿಮ್ಮ ಮೇಲೆ ನನಗೆ ಗೌರವ ಬಂತು.

ಇನ್ನೊಂದು ವಿಷಯ ನಿಮಗೆ ಆಶ್ಚರ್ಯ ತರಬಹುದು. 1563ರವರೆಗೆ ಪಶ್ಚಿಮದ ಸಭೆಯಲ್ಲಿ ಮದುವೆ ಊರ್ಜಿತವಾಗಲು ಪಾದ್ರಿಯೂ ಬೇಕಿರಲಿಲ್ಲ, ಚರ್ಚೂ ಬೇಕಿರಲಿಲ್ಲ. ಗಂಡು ಹೆಣ್ಣು ಒಪ್ಪಿ ‘ನಿನ್ನನ್ನು ಗಂಡನಾಗಿ ಸ್ವೀಕರಿಸಿದೆ’, ‘ನಿನ್ನನ್ನು ಹೆಂಡತಿಯಾಗಿ ಸ್ವೀಕರಿಸಿದೆ’ ಎಂದು ಮಾತು ಕೊಟ್ಟರೆ ಸಾಕಿತ್ತು. ಗುಟ್ಟಿನ ಮದುವೆ ತಪ್ಪು ಎಂದು ಸಭೆ ಬೈಯುತ್ತಿತ್ತು, ಆದರೆ ಆದದ್ದನ್ನು ಮದುವೆ ಅಲ್ಲ ಅನ್ನುತ್ತಿರಲಿಲ್ಲ. ಆ ವರ್ಷ ಕ್ಯಾಥೊಲಿಕ್ ಬಿಷಪ್‌ಗಳು ಸೇರಿದ್ದ ಟ್ರೆಂಟ್ ಮಹಾಸಭೆ ನಿಯಮ ಬದಲಿಸಿತು. ಪಾದ್ರಿ ಮತ್ತು ಸಾಕ್ಷಿಗಳ ಮುಂದೆ ಆದರೆ ಮಾತ್ರ ಮದುವೆ ಎಂದಿತು. ಕಾರಣವನ್ನೂ ಅದೇ ಹೇಳಿತು. ಗಂಡಸರು ಗುಟ್ಟಾಗಿ ಒಬ್ಬಳನ್ನು ಮದುವೆಯಾಗಿ, ಅವಳನ್ನು ಬಿಟ್ಟು, ಊರೆದುರು ಇನ್ನೊಬ್ಬಳನ್ನು ಮದುವೆಯಾಗುತ್ತಿದ್ದರು. ಮೊದಲನೆಯವಳ ಬಳಿ ಸಾಕ್ಷಿ ಇರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಮಗನ ಜೊತೆ ಮಾತಾಡಲು ಇದು ನಿಮಗೆ ದಾರಿ. ಊಟದ ದಿನ ಅಲ್ಲ, ಆಮೇಲೆ ಯಾವತ್ತಾದರೂ, ಇಬ್ಬರೇ ಇದ್ದಾಗ. ‘ಜನ ಏನಂತಾರೆ’ ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಅವನಿಗೆ ಜನರ ಚಿಂತೆ ಇಲ್ಲ. ‘ಇದು ಪಾಪ’ ಎಂದರೆ, ಅದನ್ನು ಅವನು ಚಿಕ್ಕಂದಿನಿಂದ ಕೇಳಿದ್ದಾನೆ. ‘ನೀನು ಅವಳಿಗೆ ಮಾತು ಕೊಟ್ಟಿದ್ದೀಯಾ?’ ಎಂದು ಕೇಳಿ. ಅವಳಿಗೆ ಕಾಯಿಲೆ ಆದರೆ ಇರುತ್ತೀಯಾ? ಮಗು ಆದರೆ? ನಿನಗೆ ಬೇಜಾರಾದರೆ? ಇರುತ್ತೇನೆ ಅಂದರೆ, ಅದನ್ನು ನಾಲ್ಕು ಜನರ ಮುಂದೆ ಹೇಳಲು ಏನು ಅಡ್ಡಿ? ಇದೆಲ್ಲ ಅವನಿಗೆ ಹೊಸ ಪ್ರಶ್ನೆ ಆಗಿರಬಹುದು. ಅಥವಾ ಅವನು ಈಗಾಗಲೇ ಅವಳನ್ನು ಕೇಳಿ, ಅವಳೇ ಬೇಡ ಅಂದಿರಬಹುದು. ಅಪ್ಪ ಅಮ್ಮನ ಮದುವೆ ಮುರಿದದ್ದನ್ನು ನೋಡಿ ಹೆದರಿದವರು, ಖರ್ಚಿಗೆ ಹೆದರಿದವರು, ಸುಮ್ನೆ ಮುಂದೂಡಿದವರು, ಎಲ್ಲ ಥರದವರೂ ಇರುತ್ತಾರೆ. ಯಾವುದು ಎಂದು ತಿಳಿಯದೆ ಉಪದೇಶ ಕೊಟ್ಟು ಪ್ರಯೋಜನವಿಲ್ಲ. ಅವನು ಉತ್ತರ ಕೊಡದಿದ್ದರೆ ಮತ್ತೆ ಮತ್ತೆ ಕೇಳಬೇಡಿ. ಒಂದು ಸಲ ನೇರವಾಗಿ ಕೇಳಿದ ಪ್ರಶ್ನೆ ಅವನ ಜೊತೆ ಉಳಿಯುತ್ತದೆ.

ಅವರು ನಿಮ್ಮ ಮನೆಗೆ ಬಂದು ರಾತ್ರಿ ಉಳಿದರೆ ಬೇರೆ ಬೇರೆ ಕೋಣೆ ಕೊಡಬೇಕಾ ಎಂದು ನೀವು ಕೇಳಿಲ್ಲ. ಆದರೆ ಮುಂದೆ ಕೇಳುತ್ತೀರಿ, ಎಲ್ಲ ತಾಯಂದಿರೂ ಕೇಳುತ್ತಾರೆ. ನಿಮ್ಮ ಮನೆ, ನಿಮ್ಮ ನಿಯಮ. ಬೇರೆ ಕೋಣೆ ಕೊಡಿ, ಎರಡರಲ್ಲೂ ಒಗೆದ ಹಾಸಿಗೆ ಹಾಸಿ, ಮೊದಲೇ ಫೋನಿನಲ್ಲಿ ತಿಳಿಸಿ. ಬಂದ ಮೇಲೆ ಬಾಗಿಲಲ್ಲಿ ನಿಂತು ಹೇಳಬೇಡಿ.

‘ಹಳೆಯದನ್ನೆಲ್ಲ ಹೀಗೆ ಕೆದಕುತ್ತಾ ಹೋದರೆ ಏನು ಉಳಿಯುತ್ತದೆ’ ಎಂದು ನಿಮಗೆ ಅನಿಸಬಹುದು. ಕೆದಕಲೇಬೇಕು. ಹಳೆಯದು, ಬೈಬಲ್ ಪ್ರಕಾರ ಎಂದು ಹಿಡಿದುಕೊಂಡದ್ದು ಭಯಂಕರ ತಪ್ಪಾಗಿದ್ದೂ ಇದೆ. ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು 1845ರಲ್ಲಿ ಉತ್ತರದವರಿಂದ ಬೇರೆಯಾಗಿ ತಮ್ಮದೇ ಒಕ್ಕೂಟ ಕಟ್ಟಿಕೊಂಡದ್ದು ಗುಲಾಮಗಿರಿಯ ಜಗಳದಿಂದ. ಗುಲಾಮರ ಒಡೆಯನೂ ಮಿಷನರಿ ಆಗಬಹುದು ಎಂಬುದು ಅವರ ವಾದ. ಅವರ ಪಾದ್ರಿಗಳು ವಾಕ್ಯ ತೆಗೆದೇ ಬೋಧಿಸಿದರು. ಆ ಒಕ್ಕೂಟ ಕ್ಷಮೆ ಕೇಳಿದ್ದು 1995ರಲ್ಲಿ. ಆದರೆ ಅದಕ್ಕಿಂತ ಸುಮಾರು ಸಾವಿರದ ಐನೂರು ವರ್ಷ ಮೊದಲೇ, ನಾಲ್ಕನೇ ಶತಮಾನದಲ್ಲಿ, ನಿಸ್ಸದ ಗ್ರೆಗೊರಿ ಎಂಬ ಬಿಷಪ್ ದೇವರ ರೂಪದಲ್ಲಿ ಉಂಟಾದ ಮನುಷ್ಯನಿಗೆ ಬೆಲೆ ಕಟ್ಟಲು ನೀನು ಯಾರು ಎಂದು ಬೋಧಿಸಿದ್ದ. ಇನ್ನೂ ಹಿಂದಕ್ಕೆ ಹೋಗಿದ್ದರೆ ಅವರಿಗೆ ಅದು ಸಿಗುತ್ತಿತ್ತು.

ಹಾಗಾದರೆ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ತಿಳಿಯುವುದು ಹೇಗೆ? ನಾನು ನೋಡುವುದು, ಅದಕ್ಕೆ ಬೆಲೆ ತೆರುವವರು ಯಾರು ಎಂದು. ಗುಲಾಮಗಿರಿ ಸರಿ ಎಂದ ಪಾದ್ರಿ ಏನನ್ನೂ ಕಳೆದುಕೊಳ್ಳಲಿಲ್ಲ, ಗುಲಾಮ ಎಲ್ಲವನ್ನೂ ಕಳೆದುಕೊಂಡ. ಹೆಂಡತಿಗೆ ನಿಷ್ಠನಾದ ಕೊರಿಂಥದ ಗಂಡಸು ತನ್ನದೇ ಸುಖ ಬಿಟ್ಟುಕೊಟ್ಟ. ಮೊದಲನೆಯದನ್ನೂ ಎರಡನೆಯದನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗುವುದಿಲ್ಲ. ಅಪ್ಪ ಅಮ್ಮನಿಗೆ ಕೊಡಬೇಕಾದದ್ದನ್ನು ‘ದೇವರಿಗೆ ಕಾಣಿಕೆ ಮಾಡಿದ್ದೇನೆ’ ಎಂದು ತಪ್ಪಿಸಿಕೊಂಡವರ ಬಗ್ಗೆ ಯೇಸು ಸಿಟ್ಟಾದದ್ದು ಮಾರ್ಕನ 7ನೇ ಅಧ್ಯಾಯದಲ್ಲಿದೆ. ಅವರೂ ಹಿರಿಯರ ಸಂಪ್ರದಾಯ ಪಾಲಿಸುತ್ತಿದ್ದವರೇ. ಹೊಟ್ಟೆಗಿಲ್ಲದೆ ಇದ್ದವರು ಮಾತ್ರ ಅಪ್ಪ ಅಮ್ಮ.

ನಿಜವಾದ ಹಳೆಯ ಮೌಲ್ಯ ಕೆಲವನ್ನು ನಾವೆಲ್ಲ ಸದ್ದಿಲ್ಲದೆ ಬಿಟ್ಟಿದ್ದೇವೆ, ನಿಮ್ಮ ಪಟ್ಟಿಯಲ್ಲೂ ಅವು ಇಲ್ಲ. ಬಡ್ಡಿ ನೋಡಿ. 325ರ ನೈಸಿಯಾ ಮಹಾಸಭೆ ಪಾದ್ರಿಗಳು ಬಡ್ಡಿ ತೆಗೆದುಕೊಳ್ಳುವುದನ್ನು ನಿಷೇಧಿಸಿತು. 1179ರಲ್ಲಿ ಮೂರನೇ ಲ್ಯಾಟರನ್ ಸಭೆ, ಬಡ್ಡಿ ವ್ಯವಹಾರಕ್ಕೆ ಹೆಸರಾದವರಿಗೆ ಕರ್ತನ ಭೋಜನವೂ ಇಲ್ಲ, ಕ್ರೈಸ್ತ ಸಮಾಧಿಯೂ ಇಲ್ಲ ಎಂದಿತು. ಹದಿನಾರನೇ ಶತಮಾನದಲ್ಲಿ ಇದನ್ನು ಸಡಿಲಿಸಿದ ಕ್ಯಾಲ್ವಿನ್ ಕೂಡ ಕಷ್ಟದಲ್ಲಿರುವ ಬಡವನಿಂದ ಬಡ್ಡಿ ಕೂಡದು ಎಂದ. ಬ್ಯಾಂಕ್ ಖಾತೆ ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಕಷ್ಟದಲ್ಲಿರುವ ಸಂಬಂಧಿಗೆ ಕೊಟ್ಟ ಸಾಲವನ್ನು ನಾವು ಹೇಗೆ ವಸೂಲು ಮಾಡುತ್ತೇವೆ ಎಂದು ಯಾವ ಪ್ರಾರ್ಥನಾ ಕೂಟದಲ್ಲೂ ಮಾತು ಬರುವುದಿಲ್ಲ, ಅಷ್ಟೇ.

362ರ ಸುಮಾರಿಗೆ ಜೂಲಿಯನ್ ಚಕ್ರವರ್ತಿ, ಕ್ರೈಸ್ತ ನಂಬಿಕೆ ಬಿಟ್ಟು ಹಳೆಯ ದೇವರುಗಳ ಪೂಜೆಯನ್ನು ಮತ್ತೆ ಜಾರಿಗೆ ತರಲು ಹೊರಟವನು, ಒಬ್ಬ ಅರ್ಚಕನಿಗೆ ಬರೆದ ಪತ್ರದಲ್ಲಿ ಗೋಳಾಡಿಕೊಂಡಿದ್ದಾನೆ. ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆಗೇಡು ಎಂದು. ಕ್ರೈಸ್ತರ ಕೆಲಸ ಅವನ ನಿದ್ದೆ ಕೆಡಿಸಿತ್ತು. ಈಗಿನ ಸಮಾಜ ನಮ್ಮ ಬಾಯಿಂದ ಹೆಚ್ಚಾಗಿ ಕೇಳಿಸಿಕೊಳ್ಳುವುದು ಬೇರೆಯವರು ಏನು ಮಾಡಬಾರದು ಎಂಬುದನ್ನು. ನಿಮ್ಮ ಮಕ್ಕಳ ವಯಸ್ಸಿನವರು ‘ಹಳೇ ಕಾಲದವರು’ ಎಂದು ಮೂಗು ಮುರಿಯುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ಕೊನೆಗೆ ಆಫೀಸಿನ ಸುಳ್ಳು. ನೀವು ಇದನ್ನು ಸಣ್ಣಪುಟ್ಟದು ಎಂದು ಕೊನೆಯಲ್ಲಿ ಬರೆದಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಪಟ್ಟು ಹಿಡಿಯಬೇಕಾದದ್ದು ಯಾವುದು ಎಂದು ನನ್ನನ್ನು ಕೇಳಿದರೆ ಇದನ್ನೇ ತೋರಿಸುತ್ತೇನೆ. ಮಾತು ತಪ್ಪದಿರುವುದು ಪ್ಲಿನಿಯ ಪತ್ರದಲ್ಲೂ ಇದೆ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದು ಬೆಟ್ಟದ ಪ್ರಸಂಗದಲ್ಲೂ ಇದೆ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರರು ಎಂಬ ಕ್ರೈಸ್ತ ಪಂಗಡದವರು ಈ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಕೋರ್ಟಿನಲ್ಲಿ ಪ್ರಮಾಣ ಮಾಡಲು ಒಪ್ಪದೆ ಜೈಲಿಗೆ ಹೋದರು. ಅಂಗಡಿಯಲ್ಲಿ ಚೌಕಾಸಿಯೂ ಒಂದು ಸುಳ್ಳೇ ಎಂದು ಎಲ್ಲರಿಗೂ ಒಂದೇ ದರ ಇಟ್ಟರು. ಮೊದಮೊದಲು ಗಿರಾಕಿಗಳು ದೂರ ಹೋದರು. ಆಮೇಲೆ, ಚಿಕ್ಕ ಮಗುವನ್ನು ಕಳಿಸಿದರೂ ಮೋಸವಿಲ್ಲ ಎಂದು ಗೊತ್ತಾಗಿ ಅಲ್ಲಿಗೇ ಬಂದರು.

ಹೇಗೆ ನಿಲ್ಲಬೇಕು ಎಂಬುದಕ್ಕೆ ದಾನಿಯೇಲನ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿ. ಸೆರೆಯಾಗಿ ಬಾಬೆಲಿನ ಅರಮನೆಗೆ ಬಂದ ಅವನು ಅಲ್ಲಿನವರ ಭಾಷೆ ಕಲಿತ, ಅವರ ಗ್ರಂಥ ಓದಿದ, ಬೇಲ್ತೆಶಚ್ಚರ ಎಂಬ ಅವರ ಹೆಸರನ್ನೂ ಇಟ್ಟುಕೊಂಡ. ಅಷ್ಟನ್ನೆಲ್ಲ ಬಿಟ್ಟುಕೊಟ್ಟವನು ರಾಜನ ಊಟದ ವಿಷಯದಲ್ಲಿ ಮಾತ್ರ ಆಗುವುದಿಲ್ಲ ಎಂದ. ಅದನ್ನೂ ಕೂಗಾಡಿ ಹೇಳಲಿಲ್ಲ. ಮೇಲಧಿಕಾರಿಯನ್ನು ಬೇಡಿಕೊಂಡ. ಆತ ‘ರಾಜ ನನ್ನ ತಲೆ ತೆಗೆದಾನು’ ಎಂದು ಹೆದರಿದಾಗ ಆ ಭಯವನ್ನು ಅರ್ಥಮಾಡಿಕೊಂಡ. ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಎಂದು ಮೇಲ್ವಿಚಾರಕನ ಮುಂದೆ ದಾರಿಯನ್ನೂ ಇಟ್ಟ.

ನಿಮ್ಮ ಆಫೀಸಿಗೂ ಇದೇ ಕ್ರಮ ಆಗುತ್ತದೆ. ‘ಬಾಸ್ ಇಲ್ಲ ಎಂದು ಹೇಳಿ’ ಅಂದರೆ, ‘ಅವರು ಈಗ ಮಾತಿಗೆ ಸಿಗುವುದಿಲ್ಲ’ ಎಂದು ಹೇಳಿ. ಅದು ನಿಜ, ಯಾರಿಗೂ ತೊಂದರೆ ಇಲ್ಲ. ಇಂಥ ಹತ್ತು ಸಂದರ್ಭದಲ್ಲಿ ಒಂಬತ್ತಕ್ಕೆ ನಿಜವಾದ ಮಾತು ಒಂದು ಸಿಕ್ಕೇ ಸಿಗುತ್ತದೆ, ಹುಡುಕಬೇಕು ಅಷ್ಟೇ. ಹತ್ತನೆಯದು ಬೇರೆ. ಬಿಲ್ಲಿನ ತಾರೀಖು ಹಿಂದಕ್ಕೆ ಹಾಕಿ, ಬಾರದ ಸರಕು ಬಂದಿದೆ ಎಂದು ಸಹಿ ಮಾಡಿ ಎಂದರೆ ಆಗುವುದಿಲ್ಲ ಎಂದು ಹೇಳಿ. ಎಲ್ಲರ ಮುಂದೆ ಬೇಡ, ಒಬ್ಬರೇ ಇದ್ದಾಗ ಹೇಳಿ. ಬಾಸ್ ಮೇಲೆ ಯಾರ ಒತ್ತಡ ಇದೆ ಎಂದು ಕೇಳಿ. ನಿಜವಾದ ತಾರೀಖಿನಲ್ಲೇ ಆ ಕೆಲಸ ಆಗುವ ದಾರಿ ಇದ್ದರೆ ತೋರಿಸಿ. ಆದರೂ ಒತ್ತಾಯ ಮಾಡಿದರೆ ಬರೆದು ಕೊಡಿ ಎಂದು ಕೇಳಿ. ಹೆಚ್ಚಿನವರು ಬರೆದು ಕೊಡುವುದಿಲ್ಲ.

ಇಷ್ಟಾದ ಮೇಲೂ ಕೆಲಸಕ್ಕೆ ಕುತ್ತು ಬರಬಹುದು. ಬರುವುದಿಲ್ಲ ಎಂದು ನಾನು ಮಾತು ಕೊಡಲಾರೆ. ಮೂರನೇ ಶತಮಾನದಲ್ಲಿ ಇಂಥದ್ದೇ ಒಂದು ಪ್ರಶ್ನೆ ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಹತ್ತಿರ ಬಂತು. ಒಬ್ಬ ನಟ ಕ್ರೈಸ್ತನಾಗಿ ನಾಟಕದ ಕೆಲಸ ಬಿಟ್ಟಿದ್ದ, ಆದರೆ ಹೊಟ್ಟೆಪಾಡಿಗೆ ಹುಡುಗರಿಗೆ ನಟನೆ ಕಲಿಸುತ್ತಿದ್ದ. ಅಂದಿನ ರಂಗಭೂಮಿಯನ್ನು ಸಭೆ ಒಪ್ಪುತ್ತಿರಲಿಲ್ಲ. ಇವನು ಸಭೆಯಲ್ಲಿ ಇರಬಹುದಾ ಎಂದು ಬೇರೆ ಊರಿನ ಬಿಷಪ್ ಕೇಳಿದ. ಸಿಪ್ರಿಯನ್ ಪಾಠ ನಿಲ್ಲಿಸಬೇಕು ಎಂದ. ಅಲ್ಲಿಗೇ ಬಿಡಲಿಲ್ಲ. ಅವನಿಗೆ ಬೇರೆ ಗತಿಯಿಲ್ಲದಿದ್ದರೆ ನಿಮ್ಮ ಸಭೆಯೇ ಅವನನ್ನು ಸಾಕಲಿ, ನಿಮ್ಮ ಸಭೆಗೆ ಅಷ್ಟು ಶಕ್ತಿ ಇಲ್ಲದಿದ್ದರೆ ನಮ್ಮಲ್ಲಿಗೆ ಕಳಿಸಿ, ಊಟ ಬಟ್ಟೆ ನಾವು ನೋಡಿಕೊಳ್ಳುತ್ತೇವೆ ಎಂದು ಬರೆದ.

ನಿಮ್ಮ ಪಾಸ್ಟರ್ ಮತ್ತು ಸಭೆಯ ಹಿರಿಯರ ಹತ್ತಿರ ಈಗಲೇ, ಕುತ್ತು ಬರುವ ಮೊದಲೇ, ಈ ಮಾತು ತೆಗೆಯಿರಿ. ಸುಳ್ಳು ಲೆಕ್ಕಕ್ಕೆ ಸಹಿ ಹಾಕದೆ ಸಭೆಯ ಒಬ್ಬರ ಕೆಲಸ ಹೋದರೆ, ಇನ್ನೊಂದು ಕೆಲಸ ಸಿಗುವವರೆಗೆ ಆ ಮನೆಯ ಖರ್ಚು ಯಾರು ನೋಡುತ್ತಾರೆ ಎಂದು ಕೇಳಿ.